ಪುಣೆಯಲ್ಲಿ ಡರ್ಟ್ ಬೈಕ್ ಹವ್ಯಾಸ: ರಿಸ್ಕ್ ಎಷ್ಟು, ಮೇಂಟೆನೆನ್ಸ್ ಎಷ್ಟು?

ವಾಕಡ್_ದಾವಣಗೆರೆ:
ಎಲ್ರಿಗೂ ನಮಸ್ಕಾರ. ಊರು ದಾವಣಗೆರೆ, ಕೆಲಸ ಹಿಂಜವಡೀಲಿ. ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ 200 ಅನ್ನೋ ಆಫ್‌ರೋಡ್ ಬೈಕ್ ತಗೊಂಡಿದೀನಿ, ಆಫೀಸಿಗೆ ಹೋಗೋಕಲ್ಲ, ಭಾನುವಾರ ಬೆಳಿಗ್ಗೆ ಮಣ್ಣಲ್ಲಿ ಓಡಿಸೋಕೆ. 2024ರ ಜನವರೀಲಿ ಬಾಲೇವಾಡಿ ಸ್ಟೇಡಿಯಂನಲ್ಲಿ ಸೂಪರ್‌ಕ್ರಾಸ್ (ಮಣ್ಣಿನ ಟ್ರ್ಯಾಕಲ್ಲಿ ಜಂಪ್ ಮಾಡ್ತಾ ಓಡಿಸೋ ಬೈಕ್ ರೇಸ್) ಲೀಗ್‌ದು ಮೊದಲ ರೌಂಡ್ ಆಯ್ತಲ್ಲ, ಅವಾಗಿಂದ ತಲೇಲಿ ಕೂತಿದೆ. ರೇಸ್ ಬೇಡ, ದೊಡ್ಡ ಜಂಪ್ ಬೇಡ, ಕಲ್ಲು ಮಣ್ಣು ಏರು ಇಳಿಜಾರಲ್ಲಿ ಗಾಡಿ ಸರಿಯಾಗಿ ಹಿಡಿಯೋದು ಕಲೀಬೇಕು ಅಷ್ಟೆ. ಹೆಂಡ್ತಿ ಬೇಡ ಅಂದಿಲ್ಲ, ಆದ್ರೆ ಮಗಳು ಇನ್ನೂ ಚಿಕ್ಕೋಳು, ಏನೇನು ಆಗ್ಬಹುದು ಅಂತ ಗೊತ್ತಿರೋರ ಹತ್ರ ಸರಿಯಾಗಿ ಕೇಳ್ಕೊಂಡು ಬನ್ನಿ ಅಂದಿದಾಳೆ, ಅದು ನ್ಯಾಯವಾದ ಮಾತೇ. ಮೊದ್ಲು ದುಡ್ಡು ಯಾವುದಕ್ಕೆ ಹಾಕ್ಲಿ? ಯೂಟ್ಯೂಬಲ್ಲಿ ಎಲ್ರೂ ಎಕ್ಸಾಸ್ಟು, ಹ್ಯಾಂಡಲ್‌ಬಾರು ಅಂತಾರೆ. ರೈಡ್ ಮುಗಿಸಿ ಬಂದ್ಮೇಲೆ ಗಾಡೀಲಿ ಏನೇನು ನೋಡ್ಬೇಕು? ಮತ್ತೆ ಓಡಿಸೋದು ಎಲ್ಲಿ?

ಕೋಥ್ರೂಡ್_ಫಿಸಿಯೋ:
ನಾನು ಬೈಕ್ ಓಡಿಸೋಳಲ್ಲ, ಬಿದ್ದು ಬಂದೋರನ್ನ ನೋಡೋಳು, ಹಾಗಾಗಿ ನಿಮ್ಮ ಮನೆಯವ್ರ ಪ್ರಶ್ನೆಗೆ ನಾನೇ ಉತ್ತರ ಕೊಡ್ತೀನಿ. ಎಲ್ರಿಗೂ ಗೊತ್ತಿರೋದು ಕಾಲರ್ ಬೋನ್ ಮುರಿಯೋದು, ಅದು ನೋವಾದ್ರೂ ಸಾಮಾನ್ಯವಾಗಿ ಚೆನ್ನಾಗಿ ಕೂಡ್ಕೊಳ್ಳುತ್ತೆ. ನನಗೆ ಹೆಚ್ಚು ಚಿಂತೆ ಮಣಿಕಟ್ಟಿಂದು. ಬೀಳ್ತಾ ಕೈ ಊರ್ತೀರಲ್ಲ, ಆಗ ಹೆಬ್ಬೆರಳಿನ ಬುಡದಲ್ಲಿರೋ ಸ್ಕಾಫಾಯ್ಡ್ ಅನ್ನೋ ಪುಟ್ಟ ಮೂಳೆ ಬಿರುಕು ಬಿಡುತ್ತೆ. ಹೆಬ್ಬೆರಳನ್ನ ಮೇಲಕ್ಕೆ ಚಾಚಿದ್ರೆ ಬುಡದಲ್ಲಿ ಒಂದು ಸಣ್ಣ ಗುಳಿ ಕಾಣುತ್ತೆ ನೋಡಿ, ಬಿದ್ದ ಮೇಲೆ ಆ ಗುಳಿ ಒತ್ತಿದಾಗ ನೋವಿದ್ರೆ ಉಳುಕು ಅಂತ ಎಣ್ಣೆ ತಿಕ್ಕಿ ಸುಮ್ನಾಗ್ಬೇಡಿ. ಮೊದಲ ದಿನದ ಎಕ್ಸ್‌ರೇಲಿ ಈ ಬಿರುಕು ಕಾಣ್ದೇ ಇರಬಹುದು, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಸ್ಬೇಕು ಅಥವಾ ಎಂಆರ್‌ಐ ಮಾಡಿಸ್ಬೇಕು, ಆ ಮೂಳೆಗೆ ರಕ್ತ ಹೋಗೋದೇ ಕಮ್ಮಿ, ಬಿಟ್ರೆ ಕೂಡೋದೇ ಇಲ್ಲ, ಕೀಬೋರ್ಡ್ ಮೇಲೆ ಕೆಲಸ ಮಾಡೋರಿಗೆ ಅದು ಜೀವನಪೂರ್ತಿ ಕಾಡುತ್ತೆ.

ಇನ್ನೊಂದು ಮಂಡಿ. ತಿರುವಲ್ಲಿ ಕಾಲು ಚಾಚಿ ಊರ್ತೀರಿ, ಪಾದ ಮಣ್ಣಲ್ಲಿ ಸಿಕ್ಕಾಕ್ಕೊಳ್ಳುತ್ತೆ, ಗಾಡಿ ಮುಂದಕ್ಕೆ ಹೋಗ್ತಾನೇ ಇರುತ್ತೆ, ಎಸಿಎಲ್ ಅಂದ್ರೆ ಮಂಡಿ ಒಳಗಿನ ಮುಖ್ಯ ಕಟ್ಟು ಹರಿಯೋದು ಹೀಗೆ. ಆಪರೇಷನ್ ಆದ್ರೆ ವಾಪಸ್ ಆಟಕ್ಕೆ ಬರೋಕೆ ಒಂಬತ್ತು ತಿಂಗಳಾದ್ರೂ ಬೇಕು.

ಅದಕ್ಕೇ ದುಡ್ಡು ಮೊದ್ಲು ಮೈಮೇಲೆ ಹಾಕಿ, ಗಾಡಿ ಮೇಲಲ್ಲ. ಹೆಲ್ಮೆಟ್ ಆದ ತಕ್ಷಣ ಮೊಣಕಾಲಿನ ತನಕ ಬರೋ ಗಟ್ಟಿ ಆಫ್‌ರೋಡ್ ಬೂಟು. ಟ್ರೆಕ್ಕಿಂಗ್ ಶೂ ನಡೆಯೋಕೆ ಸರಿ, ಗಾಡಿ ಕಾಲ ಮೇಲೆ ಬಿದ್ದಾಗ ಪಾದದ ಕೀಲನ್ನ ಅದು ಕಾಯಲ್ಲ. ಆಮೇಲೆ ನೀ ಗಾರ್ಡು, ಎದೆ ಬೆನ್ನಿಗೆ ಆರ್ಮರ್. ಒಂದು ಸಲ ಜೋರಾಗಿ ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗಿಂದ ಎಷ್ಟೇ ಚೆನ್ನಾಗಿ ಕಂಡ್ರೂ ಒಳಗಿನ ಥರ್ಮೋಕೋಲ್ ಪದರ ಅಮುಕಿಹೋಗಿರುತ್ತೆ, ಬದಲಾಯಿಸ್ಲೇಬೇಕು.

ಮತ್ತೆ ಒಬ್ರೇ ಹೋಗ್ಬೇಡಿ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಿನಗಟ್ಟಲೆ ನಡೆಯೋ ಕಠಿಣ ಆಫ್‌ರೋಡ್ ರೇಸ್ ಆದ ಡಕಾರ್ ರ‍್ಯಾಲಿ ಪೂರ್ತಿ ಮಾಡಿದ ಮೊದಲ ಭಾರತೀಯ, ಅಂಥವರೇ 2021ರ ಡಕಾರ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಅವರನ್ನ ವಾಯುಮಾರ್ಗದಲ್ಲಿ ರಿಯಾದ್ ಆಸ್ಪತ್ರೆಗೆ ಸಾಗಿಸಿ ವೈದ್ಯರು ಕೋಮಾದಲ್ಲಿಟ್ಟು ನೋಡ್ಕೋಬೇಕಾಯ್ತು. ಮುಳಶಿ ಕಡೆ ಕಣಿವೇಲಿ ನಮಗೆ ಮೊಬೈಲ್ ನೆಟ್‌ವರ್ಕೂ ಸಿಗಲ್ಲ. ಜೊತೇಲಿ ಇಬ್ರಾದ್ರೂ ಇರ್ಬೇಕು, ಒಬ್ರು ಬಿದ್ದೋರ ಹತ್ರ ಕೂರೋಕೆ, ಒಬ್ರು ಸಿಗ್ನಲ್ ಇರೋ ಕಡೆ ಹೋಗಿ 108ಕ್ಕೆ ಫೋನ್ ಮಾಡೋಕೆ.

ಭೋಸರಿ_ಧಾರವಾಡ:
ಮೇಡಂ ಬೂಟಿನ ಬಗ್ಗೆ ಹೇಳಿದ್ದು ನೂರಕ್ಕ ನೂರು ಖರೆ ಐತ್ರಿ, ಎಕ್ಸಾಸ್ಟ್ ಗಿಕ್ಸಾಸ್ಟ್ ಎಲ್ಲಾ ಬಿಟ್ಟಬಿಡ್ರಿ. ನಂದು ಭೋಸರಿಯೊಳಗ ಗ್ಯಾರೇಜ್ ಐತಿ, ಗಾಡಿ ಬಗ್ಗೆ ನಾ ಹೇಳ್ತೇನಿ. ಮಣ್ಣಾಗ ಓಡೋ ಗಾಡಿಗೆ ಕಿಲೋಮೀಟರ್ ಲೆಕ್ಕ ನಡ್ಯಂಗಿಲ್ಲ. ಮುಂಜಾನಿಂದ ಮಧ್ಯಾಹ್ನತನಕ ಫಸ್ಟು ಸೆಕೆಂಡ್ ಗೇರಿನ್ಯಾಗ ಒದ್ದಾಡಿಸಿದ್ರ ಮೀಟರ್ ಒಂದೀಟ ತಿರಗಿರ್ತೈತಿ, ಎಂಜಿನ್ ಮಾತ್ರ ಪೂರಾ ದುಡದಿರ್ತೈತಿ. ರೇಸ್ ಗಾಡಿಗೆ ಅದಕ್ಕ ಅವರ್ ಮೀಟರ್ ಹಾಕಿ ತಾಸಿನ ಲೆಕ್ಕದಾಗ ಆಯಿಲ್, ಪಿಸ್ಟನ್ ಬದಲಿ ಮಾಡ್ತಾರ. ನಿಮ್ಮದಕ್ಕ ಅಷ್ಟ ಬ್ಯಾಡ, ಆದ್ರ ಕಂಪನಿಯವ್ರು ಬರದ ಕಿಲೋಮೀಟರ್ ಆಗೂತನಕ ಕಾಯಬ್ಯಾಡ್ರಿ, ಅರ್ಧಕ್ಕ ಆಯಿಲ್ ಬದಲಿ ಮಾಡ್ರಿ.

ಎಲ್ಲಾಕ್ಕಿಂತ ಮೊದಲ ಏರ್ ಫಿಲ್ಟರ್. ಮಳಿ ಹೋದಮ್ಯಾಲೆ ಇಲ್ಲಿ ಮುರುಮಿನ ಧೂಳು ಜ್ವಾಳದ ಹಿಟ್ಟಿನಂಗ ಹಾರ್ತೈತಿ, ಮುಂದಿನ ಗಾಡಿ ಬೆನ್ನಿಗೇ ಹತ್ತಿ ಹೋದ್ರ ಒಂದ ಮುಂಜಾನ್ಯಾಗ ಫಿಲ್ಟರ್ ತುಂಬತೈತಿ. ಫಿಲ್ಟರ್ ತಗದಮ್ಯಾಲೆ ಎಂಜಿನ್ ಕಡೆ ಹೋಗೋ ರಬ್ಬರ್ ಕೊಳವಿಯೊಳಗ ಬಿಳಿ ಬಟ್ಟಿ ಸುತ್ತಿದ ಬೆರಳು ಹಾಕಿ ಒರಸ್ರಿ. ಬಟ್ಟಿ ಸ್ವಚ್ಛ ಬಂದ್ರ ಚಲೋ. ಮಣ್ಣಿನ ಬಣ್ಣ ಬಂತಂದ್ರ ಫಿಲ್ಟರ್ ಸರಿ ಕೂತಿಲ್ಲ ಇಲ್ಲಾ ಹರದೈತಿ ಅಂತ ತಿಳ್ಕೋರಿ, ಆ ಧೂಳು ಸಿಲಿಂಡರಿಗೆ ಇಳದು ರಿಂಗ್ ತಿಂತೈತಿ, ಆಮ್ಯಾಲೆ ನೀಲಿ ಹೊಗಿ, ಆಯಿಲ್ ಕಮ್ಮಿ ಆಗೂದು, ಕಡೀಕ ಬೋರು ಪಿಸ್ಟನ್ ಖರ್ಚು.

ತೊಳಿಯೂ ಮುಂದ ವಾಟರ್ ಸರ್ವಿಸ್ ಹುಡುಗ್ರು ಪ್ರೆಶರ್ ಗನ್ ತಂದು ನೇರ ವೀಲ್ ಬೇರಿಂಗಿಗೆ, ಹ್ಯಾಂಡಲ್ ಕೋನ್‌ಸೆಟ್ಟಿಗೆ (ಹ್ಯಾಂಡಲ್ ತಿರುಗೋ ಬೇರಿಂಗಿಗೆ) ಹಿಡೀತಾರ, ಬ್ಯಾಡ ಅನ್ರಿ, ಗ್ರೀಸ್ ಹೋಗಿ ನೀರು ಒಳಗ ಕೂಡತೈತಿ. ಮನ್ಯಾಗ ಪೈಪು ಬ್ರಶ್ ಸಾಕು. ತೊಳದಮ್ಯಾಲೆ ಮುಂದಿನ ಫೋರ್ಕ್ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್) ನೋಡ್ರಿ, ರಾಡ್ ಮ್ಯಾಲೆ ಎಣ್ಣಿ ಗೆರಿ ಕಂಡ್ರ ಸೀಲ್‌ನ್ಯಾಗ ಮಣ್ಣು ಸಿಕ್ಕಿರ್ತೈತಿ, ಡಸ್ಟ್ ಸೀಲ್ ಕೆಳಗ ಜಗ್ಗಿ ಹಳೇ ಕ್ಯಾಮೆರಾ ರೀಲಿನ ತುಂಡು ತೂರಿಸಿ ಸುತ್ತ ತಿರುವಿದ್ರ ಭಾಳ ಸಲ ನಿಲ್ತೈತಿ. ಬಿಟ್ರ ಆ ಎಣ್ಣಿ ಇಳದು ಬ್ರೇಕ್ ಪ್ಯಾಡಿಗೆ ಹತ್ತತೈತಿ, ಇಳಿಜಾರಿನ್ಯಾಗ ಬ್ರೇಕ್ ಹಿಡಿಯಂಗಿಲ್ಲ. ಸ್ಪೋಕ್‌ಗಳನ್ನ ಸ್ಪ್ಯಾನರಿಲೆ ಒಂದೊಂದ ಬಡದು ಕೇಳ್ರಿ, ಸಡಲಾದದ್ದು ಮಂದ ಸಪ್ಪಳ ಮಾಡತೈತಿ. ಚೈನ್ ಭಾಳ ಬಿಗಿ ಮಾಡಬ್ಯಾಡ್ರಿ, ಸಸ್ಪೆನ್ಶನ್ ಒತ್ತಿದಾಗ ಅದಕ್ಕ ಜಾಗಾ ಬೇಕು.

ಫೋಂಡಾ_ಪುತ್ತೂರು:
ನಾನು ಪುತ್ತೂರಿನವ, ಈಗ ಗೋವಾದಲ್ಲಿ ಇರುವುದು. ಎಲ್ಲಿ ಓಡಿಸುವುದು ಅಂತ ಕೇಳಿದ್ರಲ್ಲ, ಅದಕ್ಕೆ ಯಾರೂ ಉತ್ತರ ಹೇಳ್ಲೇ ಇಲ್ಲ. ಕಾಡಿಗೆ ಮಾತ್ರ ನುಗ್ಗಬೇಡಿ ಮಾರಾಯ್ರೆ. ತಾಮ್ಹಿಣಿ ಘಾಟಿಯಲ್ಲಿ ಅಭಯಾರಣ್ಯ ಉಂಟು, 1972ರ ವನ್ಯಜೀವಿ ಕಾಯ್ದೆ ಅಲ್ಲಿಗೆ ಅನ್ವಯ ಆಗ್ತದೆ. ನಿಮ್ಮ ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ಬೆಳಿಗ್ಗೆ ಮುದುಕರು ಮಕ್ಕಳು ನಡೀಲಿಕ್ಕೆ ಬರ್ತಾರೆ, ನವಿಲು ಉಂಟು, ಅಲ್ಲಿ ಬೈಕ್ ಹತ್ತಿಸುವುದು ಸರಿಯೇ ಅಲ್ಲ. ಇಲ್ಲಿ ಗೋವಾದಲ್ಲಿ ಬೀಚಿನ ಮೇಲೆ ಗಾಡಿ ಓಡಿಸುವುದು ಅಪರಾಧ, ಟೂರಿಸ್ಟ್‌ಗಳು ಪ್ರತಿ ವರ್ಷ ಸಿಕ್ಕಿ ಬೀಳ್ತಾರೆ. ಖಾಸಗಿ ಜಾಗ ಹುಡುಕಿ, ಯಜಮಾನರ ಹತ್ರ ಕೇಳಿ, ಗೇಟು ಬೇಲಿ ಹೇಗಿತ್ತೋ ಹಾಗೇ ಬಿಟ್ಟು ಬನ್ನಿ. ಕಲೀಲಿಕ್ಕೆ ಆದ್ರೆ ಊರಿಗೆ ಹೋದಾಗ ಕೋಲಾರದ ಕಡೆ ಸಂತೋಷ್ ಅವರೇ ಶುರು ಮಾಡಿದ ಬಿಗ್‌ರಾಕ್ ಡರ್ಟ್‌ಪಾರ್ಕ್ ಉಂಟಲ್ಲ, ಅಲ್ಲಿ ಕೋಚ್ ಹತ್ರ ಕಲಿಯಿರಿ, ಬೀಳುವುದು ಹೇಗೆ ಅಂತ ಸಹ ಗೊತ್ತಾಗ್ತದೆ.

ಇನ್ಶೂರೆನ್ಸ್ ಪೇಪರ್ ಸಹ ಓದಿ. ಗಾಡಿ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಕವರ್ ಇಲ್ಲ. ಹೆಲ್ತ್ ಪಾಲಿಸಿಯಲ್ಲಿ Excl09 (ಎಕ್ಸ್‌ಕ್ಲೂಷನ್, ಅಂದ್ರೆ ಕವರ್ ಇಲ್ಲದ್ದು) ಅಂತ ಒಂದು ಕೋಡ್ ಇರ್ತದೆ, ಸಾಹಸ ಕ್ರೀಡೆಯಲ್ಲಿ ವೃತ್ತಿಪರರಾಗಿ ಭಾಗವಹಿಸಿದವರ ಚಿಕಿತ್ಸೆಗೆ ದುಡ್ಡಿಲ್ಲ ಅಂತ. ನೀವು ವೃತ್ತಿಪರ ಅಲ್ಲ, ಆದ್ರೂ ನಿಮ್ಮ ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ಬೇರೆ ಏನಾದ್ರೂ ಷರತ್ತು ಉಂಟಾ ಅಂತ ಎಚ್‌ಆರ್ ಹತ್ರ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ವಾಕಡ್_ದಾವಣಗೆರೆ:
ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಹೇಳ್ತೀರ ಅಂತ ಅಂದ್ಕೊಂಡಿರ್ಲಿಲ್ಲ, ಮನೇಲಿ ಪೂರ್ತಿ ಓದಿಸ್ದೆ, ಬೂಟಿಗೆ ಒಪ್ಪಿಗೆ ಸಿಕ್ತು. ಇನ್ನೆರಡು ಡೌಟು. ಟೈರಲ್ಲಿ ಗಾಳಿ ಎಷ್ಟು ಇಳಿಸ್ಬೇಕು? ಮಳೆಗಾಲದಲ್ಲಿ ಹಳ್ಳ ದಾಟುವಾಗ ಗಾಡಿ ನೀರಲ್ಲಿ ಬಿದ್ರೆ ಏನು ಮಾಡೋದು?

ಭೋಸರಿ_ಧಾರವಾಡ:
ಟ್ಯೂಬ್ ಟೈರ್ ಐತಿ, ರಿಮ್ ಲಾಕ್ (ಟೈರನ್ನ ರಿಮ್ಮಿಗೆ ಬಿಗಿಯಾಗಿ ಹಿಡಿಯೋ ಕ್ಲ್ಯಾಂಪ್) ಇಲ್ಲಾಂದ್ರ 18 ಪಿಎಸ್ಐಕ್ಕಿಂತ ಕೆಳಗ ಇಳಸಬ್ಯಾಡ್ರಿ, ಟೈರ್ ರಿಮ್ಮಿನ್ಯಾಗ ಜಾರಿ ಟ್ಯೂಬಿನ ವಾಲ್ವ್ ಕಿತ್ತು ಬರ್ತೈತಿ. ಡಾಂಬರ್ ರಸ್ತಾಕ್ಕ ಬಂದಕೂಡ್ಲೆ ಕಂಪನಿ ಲೆಕ್ಕಕ್ಕ ತುಂಬಸ್ರಿ, ಒಂದು ಸಣ್ಣ ಪಂಪ್ ಬ್ಯಾಗಿನ್ಯಾಗ ಇರ್ಲಿ.

ಫೋಂಡಾ_ಪುತ್ತೂರು:
ನೀರಿಗೆ ಬಿದ್ದ ಗಾಡಿಯ ಸೆಲ್ಫ್ ಮಾತ್ರ ಒತ್ತಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ರೆ ಅದು ಅಮುಕುವುದಿಲ್ಲ, ಕನೆಕ್ಟಿಂಗ್ ರಾಡೇ ಬಗ್ಗಿ ಹೋಗ್ತದೆ. ಇಗ್ನಿಷನ್ ಆಫ್ ಮಾಡಿ, ಗಾಡಿ ದಡಕ್ಕೆ ತಂದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಮೇಲಿನ ಗೇರಿಗೆ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ, ನೀರು ಪ್ಲಗ್ಗಿನ ತೂತಿಂದ ಚಿಮ್ಮಿ ಹೊರಗೆ ಬರ್ತದೆ. ಏರ್ ಫಿಲ್ಟರ್ ಬಾಕ್ಸಿನ ನೀರೂ ಬಸೀರಿ. ಆಯಿಲ್ ನೋಡುವ ಗಾಜಲ್ಲಿ ಹಾಲು ಹಾಕಿದ ಚಾದ ಬಣ್ಣ ಕಂಡ್ರೆ ಸ್ಟಾರ್ಟೇ ಮಾಡಬೇಡಿ, ಟೆಂಪೋದಲ್ಲಿ ಹಾಕಿ ಮನೆಗೆ ತನ್ನಿ. ಪ್ಲಗ್ ಸ್ಪ್ಯಾನರ್ ಇಲ್ಲದೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹಳ್ಳದ ಕಡೆ ಹೋಗ್ಲೇಬೇಡಿ.