ತನ್ನ ಹಾಗೇ ಇನ್ನೊಬ್ಬ ಕಂಡರೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಈ ವಾರ ನಮ್ಮ ಗುಂಪಿನ ನರರೋಗ ಡಾಕ್ಟರು ಉತ್ತರಿಸುತ್ತಾರೆ. ವಿಷಯ, ಬದುಕಿರುವವರ ಪ್ರತಿರೂಪ ಕಣ್ಣಿಗೆ ಬೀಳುವುದು. ಜರ್ಮನರು ಡೊಪೆಲ್‌ಗ್ಯಾಂಗರ್ ಎನ್ನುವುದು ಇದನ್ನೇ. ಡಾಕ್ಟರಿಗೆ ದೆವ್ವದ ಕತೆಗಳ ಹುಚ್ಚೂ ಇದೆ, ಅದನ್ನೂ ಕೇಳಬಹುದು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬೆಣ್ಣೆದೋಸೆ: ಸರ್, ತನ್ನ ರೂಪ ತನಗೇ ಕಂಡರೆ ಸಾವು ಹತ್ತಿರ ಅಂತಾರೆ. ನಿಜವಾ?

ಡಾಕ್ಟರ್: ಊರಿಗೊಂದು ಅರ್ಥ ಇದೆ. ಐರ್ಲೆಂಡಿನವರು ಇದಕ್ಕೆ ಫೆಚ್ ಎನ್ನುತ್ತಾರೆ. ಬೆಳಿಗ್ಗೆ ಕಂಡರೆ ದೀರ್ಘಾಯುಷ್ಯ, ಸಂಜೆ ಕಂಡರೆ ಸಾವು ಅಂತ ಅವರ ನಂಬಿಕೆ. ಜರ್ಮನ್ ಕವಿ ಗಯಟೆ 1771ರಲ್ಲಿ ಪ್ರೀತಿಸಿದ ಹುಡುಗಿಯನ್ನು ಬಿಟ್ಟು ಕುದುರೆ ಮೇಲೆ ಹೊರಟಿದ್ದ. ಎದುರಿನಿಂದ ತಾನೇ ಕುದುರೆ ಮೇಲೆ ಬರುವುದು ಕಂಡಿತು, ಬೂದು ಬಣ್ಣದ, ಚಿನ್ನದ ಕುಸುರಿಯ ಬಟ್ಟೆ ತೊಟ್ಟು. ಎಂಟು ವರ್ಷದ ನಂತರ ಅದೇ ದಾರಿಯಲ್ಲಿ ವಾಪಸ್ ಬರುವಾಗ ಮೈಮೇಲೆ ಅದೇ ಬಟ್ಟೆ ಇತ್ತು ಅಂತ ಅವನೇ ಬರೆದಿದ್ದಾನೆ. ಸತ್ತದ್ದು 1832ರಲ್ಲಿ, 82 ವರ್ಷಕ್ಕೆ. ಸಾವು ಅಷ್ಟೇನೂ ಹತ್ತಿರ ಇರಲಿಲ್ಲ ಅಲ್ವಾ?

ಆಸ್ಲೋ ಕನ್ನಡತಿ: ನಾವು ನಾರ್ವೆಯಲ್ಲಿದ್ದೇವೆ. ಪಕ್ಕದ ಮನೆ ಅಜ್ಜಿಗೆ ಗಂಡ ಬರುವ ಹತ್ತು ನಿಮಿಷ ಮುಂಚೆ ಬೂಟಿನ ಹಿಮ ಕೊಡವುವ ಸದ್ದು, ಬೀಗ ತೆಗೆಯುವ ಸದ್ದು ಕೇಳುತ್ತಿತ್ತಂತೆ. ಹೋಗಿ ನೋಡಿದರೆ ಯಾರೂ ಇಲ್ಲ. ಅಜ್ಜಿ ಕಾಫಿಗೆ ನೀರಿಡುತ್ತಿದ್ದರಂತೆ. ಹೆದರಬೇಕಾ ಸರ್?

ಡಾಕ್ಟರ್: ಯಾಕಮ್ಮಾ ಹೆದರುವುದು, ಕಾಫಿ ಕುಡಿಯಿರಿ. ಅದು ಅಲ್ಲಿನ ವಾರ್ಡೋಗರ್. ಮನುಷ್ಯನಿಗಿಂತ ಮೊದಲು ಅವನ ಸದ್ದು ಮನೆ ಸೇರುತ್ತದೆ ಅನ್ನುವ ನಂಬಿಕೆ. ಫಿನ್ಲೆಂಡಿನಲ್ಲೂ ಇದೆ, ಅಲ್ಲಿ ಎತಿಯಾಯ್ನೆನ್ ಎನ್ನುತ್ತಾರೆ. ಕೆಟ್ಟ ಶಕುನ ಅಲ್ಲ. ಕಾಯುವ ಕಿವಿಗೆ ಬರುವವರ ಸದ್ದು ಮೊದಲೇ ಕೇಳುತ್ತದೆ ಅನ್ನುವುದು ನನ್ನ ಅನಿಸಿಕೆ. ನಮ್ಮಲ್ಲಿ ಇದೇ ಸದ್ದು ಉಲ್ಟಾ. ರಾತ್ರಿ ಯಾರೋ ಮನೆಯವರ ದನಿಯಲ್ಲೇ ಕೂಗುತ್ತಾರೆ, ಓಗೊಟ್ಟರೆ ಮುಗೀತು. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಬಾಗಿಲ ಮೇಲೆ ‘ನಾಳೆ ಬಾ’ ಬರೆದದ್ದು ಈ ಭಯಕ್ಕೇ. ಮೂರು ಸಲ ಕೂಗಿದ ಮೇಲೇ ಓಗೊಡಬೇಕು ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು. ಒಂದು ರಾತ್ರಿ ತಾತ ಇದೇ ಕಾರಣಕ್ಕೆ ಮಳೆಯಲ್ಲಿ ನೆನೆದರು.

ಗಡಿನಾಡ ಮೇಷ್ಟ್ರು: ಪರದೇಶದ ಕತೆ ಯಾಕೆ? ನಮ್ಮ ಛಾಯಾದೇವಿ ಇಲ್ಲವೇ? ಸೂರ್ಯನ ಶಾಖ ತಾಳಲಾರದೆ ಸಂಜ್ಞಾದೇವಿ ತನ್ನ ನೆರಳನ್ನೇ ಹೆಂಡತಿಯಾಗಿ ಬಿಟ್ಟು ಹೋದಳು. ಗಂಡನಿಗೇ ಗೊತ್ತಾಗಲಿಲ್ಲ.

ನಂಜನಗೂಡು ಬಾಳೆ: ದೇವಿಯನ್ನು ದೆವ್ವದ ಸಾಲಿಗೆ ಸೇರಿಸಬೇಡಿ. ಶನಿಮಹಾತ್ಮನ ತಾಯಿ ಆಕೆ.

ಗಡಿನಾಡ ಮೇಷ್ಟ್ರು: ದೆವ್ವ ಅಂದವರು ಯಾರು? ಪ್ರತಿರೂಪ ಅಂದೆ. ಓದಿ ಮಾತಾಡಿ.

ಹಾಸನದವಳು: ಡಾಕ್ಟ್ರೇ, ನನ್ನ ತಮ್ಮನಿಗೆ 24. ಮೂರು ತಿಂಗಳಿಂದ ಬೆಳಗಿನ ಜಾವ ಮಂಚದ ಪಕ್ಕ ತಾನೇ ನಿಂತ ಹಾಗೆ ಕಾಣುತ್ತಂತೆ. ಅದೇ ಬನಿಯನ್, ಅದೇ ಲುಂಗಿ. ಅದಕ್ಕೂ ಮೊದಲು ರಬ್ಬರ್ ಸುಟ್ಟ ವಾಸನೆ ಬರುತ್ತೆ ಅನ್ನುತ್ತಾನೆ. ನಮಗೆ ಯಾವ ವಾಸನೆಯೂ ಇಲ್ಲ. ಆಮೇಲೆ ಎರಡು ನಿಮಿಷ ತುಟಿ ಚಪ್ಪರಿಸುತ್ತಾ ಸುಮ್ನೆ ಕೂತಿರುತ್ತಾನೆ, ಕರೆದರೆ ಓಗೊಡುವುದಿಲ್ಲ. ನಿನ್ನೆ ‘ಇಲ್ಲ ಅವನು ಹೋಗಬೇಕು, ಇಲ್ಲ ನಾನು ಹೋಗಬೇಕು’ ಅಂದ. ಅಮ್ಮ ತಾಯತ ಕಟ್ಟಿಸಿದ್ದಾರೆ.

ಬೆಣ್ಣೆದೋಸೆ: ಅಯ್ಯೋ, ಸಾವು ಹತ್ತಿರ ಅಂತಾನಾ ಸರ್?

ಡಾಕ್ಟರ್: @ಬೆಣ್ಣೆದೋಸೆ, ಮೇಲೆ ಓದಿ.

@ಹಾಸನದವಳು, ತಂಗಿ, ಗಮನ ಇಟ್ಟು ಓದು. ಇಲ್ಲದ ವಾಸನೆ, ತುಟಿ ಚಪ್ಪರಿಸುವುದು, ಕರೆದರೆ ಓಗೊಡದಿರುವುದು, ಮೂರೂ ಒಟ್ಟಿಗೆ ಬಂದರೆ ನನಗೆ ಮೊದಲು ಅನುಮಾನ ಬರುವುದು ಫಿಟ್ಸ್ ಮೇಲೆ. ಬಿದ್ದು ಒದ್ದಾಡುವುದೊಂದೇ ಫಿಟ್ಸ್ ಅಲ್ಲ. ಕಿವಿಯ ಹತ್ತಿರ, ಮಿದುಳಿನ ಟೆಂಪೊರಲ್ ಭಾಗದಲ್ಲಿ ಶುರುವಾಗುವ ಫಿಟ್ಸ್ ಹೀಗೇ ಸದ್ದಿಲ್ಲದೆ ಬರುತ್ತದೆ. ಅದರ ಮೇಲುಗಡೆಯ ಜಾಗ ‘ನನ್ನ ಮೈ ಎಲ್ಲಿದೆ’ ಅನ್ನುವ ಲೆಕ್ಕ ಇಡುತ್ತದೆ. ಲೆಕ್ಕ ತಪ್ಪಿದರೆ ಒಬ್ಬ ಇಬ್ಬರಾಗುತ್ತಾನೆ. ಸ್ವಿಟ್ಜರ್ಲೆಂಡಿನ ವೈದ್ಯರು ಆಪರೇಷನ್‌ಗೆ ಮುಂಚಿನ ಪರೀಕ್ಷೆಯಲ್ಲಿ 22 ವರ್ಷದ ಹುಡುಗಿಯ ಮಿದುಳಿನ ಆ ಜಾಗಕ್ಕೆ ಸಣ್ಣ ಕರೆಂಟ್ ಕೊಟ್ಟರು. ಹಿಂದೆ ಯಾರೋ ನೆರಳಿನ ಹಾಗೆ ಇದ್ದಾನೆ ಅಂದಳು. ಅವಳು ಕೂತು ಮೊಣಕಾಲು ಅಪ್ಪಿಕೊಂಡರೆ ಅವನೂ ಕೂತು ಅವಳನ್ನು ಅಪ್ಪಿಕೊಂಡ. ಕರೆಂಟ್ ನಿಂತರೆ ಅವನಿಲ್ಲ. 2006ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಬಂತು.

ನಾನು ಹೆದರುತ್ತಿರುವುದು ನಿನ್ನ ಕೊನೆಯ ಮಾತಿಗೆ. 1994ರಲ್ಲಿ ಜ್ಯೂರಿಕ್‌ನ ವೈದ್ಯರು ಒಬ್ಬ ಯುವಕನ ಕೇಸ್ ಬರೆದರು. ಫಿಟ್ಸ್ ಮಾತ್ರೆ ಬಿಟ್ಟಿದ್ದ. ಬೆಳಿಗ್ಗೆ ಎದ್ದು ತಿರುಗಿದರೆ ತಾನಿನ್ನೂ ಹಾಸಿಗೆಯಲ್ಲೇ ಮಲಗಿರುವುದು ಕಂಡಿತು. ಕೆಲಸಕ್ಕೆ ಹೊತ್ತಾಯಿತು, ಏಳೋ ಅಂತ ಬೈದ, ಅಲುಗಾಡಿಸಿದ. ಸ್ವಲ್ಪ ಹೊತ್ತಿಗೆ ಇಬ್ಬರಲ್ಲಿ ತಾನು ಯಾರು ಅನ್ನುವುದೇ ತಿಳಿಯದಾಯಿತು. ಆ ಹಿಂಸೆ ತಡೆಯದೆ ನಾಲ್ಕನೇ ಮಹಡಿ ಕಿಟಕಿಯಿಂದ ಹಾರಿದ. ಕೆಳಗೆ ದೊಡ್ಡ ಪೊದೆ ಇತ್ತು, ಉಳಿದ. ಮಿದುಳಿನ ಗೆಡ್ಡೆ ಸಿಕ್ಕಿತು, ಆಪರೇಷನ್ ಆಯಿತು.

ನಿನ್ನ ತಮ್ಮನಿಗೂ ಇದೇ ಅಂತ ಹೇಳುತ್ತಿಲ್ಲ. ಆದರೆ ನಾಳೆಯೇ ನರರೋಗ ಡಾಕ್ಟರಿಗೆ ತೋರಿಸಿ. ಇಇಜಿ (ಮಿದುಳಿನ ಕರೆಂಟ್ ಅಳೆಯುವ ಪರೀಕ್ಷೆ), ಎಂಆರ್‌ಐ ಸ್ಕ್ಯಾನ್ ಬೇಕಾಗಬಹುದು. ಹಾಗಾದಾಗ ಮೊಬೈಲಿನಲ್ಲಿ ವಿಡಿಯೊ ತೆಗೆ. ಬೈಕ್ ಕೊಡಬೇಡಿ. ರಾತ್ರಿ ಒಬ್ಬನೇ ಮಲಗುವುದು ಬೇಡ. ಅವನು ಮಲಗುವುದು ಯಾವ ಮಹಡಿಯಲ್ಲಿ?

ಹಾಸನದವಳು: ಎರಡನೇದು. ಪಕ್ಕದಲ್ಲೇ ಟೆರೇಸಿನ ಬಾಗಿಲು.

ಡಾಕ್ಟರ್: ಇವತ್ತೇ ಅವನನ್ನು ಕೆಳಗೆ ಮಲಗಿಸಿ. ಟೆರೇಸಿಗೆ ಬೀಗ ಹಾಕಿ.

ಶುಭೋದಯ ಬಳಗ: *ಫಾರ್ವರ್ಡ್* ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡಿ, ಈರುಳ್ಳಿ ಅಥವಾ ಚಪ್ಪಲಿ ಮೂಸಿಸಿ. ರೂಪ ಕಂಡರೆ ಕನ್ನಡಿಗೆ ಕಪ್ಪು ಬಟ್ಟೆ ಮುಚ್ಚಿ 🙏 ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಫಿಟ್ಸ್ ತಾನಾಗಿ ನಿಂತ ಹೊತ್ತಿಗೆ ಕೈಯಲ್ಲಿ ಕಬ್ಬಿಣ ಇದ್ದರೆ ಹೆಸರು ಕಬ್ಬಿಣಕ್ಕೆ ಬರುತ್ತದೆ. ಏನೂ ಕೊಡಬೇಡಿ, ಏನೂ ಮೂಸಿಸಬೇಡಿ. ಬಾಯಿಗೆ ಚಮಚ, ನೀರು, ಬೆರಳು ಯಾವುದೂ ಬೇಡ. ಒದ್ದಾಡುತ್ತಿದ್ದರೆ ಅದುಮಿ ಹಿಡಿಯಬೇಡಿ, ಮಗ್ಗುಲಿಗೆ ತಿರುಗಿಸಿ. ಐದು ನಿಮಿಷ ದಾಟಿದರೆ ಆಸ್ಪತ್ರೆ. ಕನ್ನಡಿ ಪಾಡಿಗೆ ಕನ್ನಡಿ ಇರಲಿ.

ಮಲೆನಾಡ ಹಕ್ಕಿ: ನಮ್ಮ ನಾಯಿ ಖಾಲಿ ಮೂಲೆ ನೋಡಿ ಬೊಗಳುತ್ತೆ. ಅದಕ್ಕೂ ಕಾಣುತ್ತಾ?

ಗಡಿನಾಡ ಮೇಷ್ಟ್ರು: ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ರೋಗಿಯ ಕಣ್ಣಿನಲ್ಲಿ ಕಾಣುವ ಪುಟ್ಟ ಪ್ರತಿಬಿಂಬ ಕೆಟ್ಟಿದ್ದರೆ ಚಿಕಿತ್ಸೆಗೆ ಕೈ ಹಾಕಬೇಡ ಅಂತಿದೆ. ಅದೂ ಫಾರ್ವರ್ಡೇ?

ಡಾಕ್ಟರ್: ಅಲ್ಲ ಮೇಷ್ಟ್ರೇ, ಅದು ಚೆನ್ನಾಗಿದೆ. ಆ ಪ್ರತಿಬಿಂಬಕ್ಕೆ ಚರಕ ಕುಮಾರಿಕೆ ಅನ್ನುತ್ತಾನೆ. ಕಣ್ಣಗೊಂಬೆ ಅಂತ ನಾವೂ ಅನ್ನುತ್ತೇವಲ್ಲ. ನಾನು ಇವತ್ತಿಗೂ ಟಾರ್ಚ್ ಹಿಡಿದು ಮೊದಲು ನೋಡುವುದು ಅದನ್ನೇ. ಆದರೆ ಕೆಟ್ಟಿದ್ದರೆ ಕೈಬಿಡುವುದಿಲ್ಲ, ಸ್ಕ್ಯಾನಿಗೆ ಓಡಿಸುತ್ತೇನೆ.

ನಂಜನಗೂಡು ಬಾಳೆ: ಎಲ್ಲಕ್ಕೂ ಸ್ಕ್ಯಾನು. ಕಮಿಷನ್ ಎಷ್ಟೋ.

ಆಸ್ಲೋ ಕನ್ನಡತಿ: ಬಿಟ್ಟಿ ಸಲಹೆ ಕೊಡುವವರಿಗೆ ಹೀಗೆ ಮಾತಾಡುವುದಾ? ನಾಚಿಕೆ ಆಗಬೇಕು.

ನಂಜನಗೂಡು ಬಾಳೆ: ನೀವು ಹಿಮ ಕೊಡವಿಕೊಳ್ಳಿ.

ಕೋಲಾರದ ಸೊಸೆ: ನಮ್ಮ ಅತ್ತೆಗೆ 78. ನನ್ನ ಗಂಡನನ್ನು ನೋಡಿ ‘ನೀನು ನನ್ನ ಮಗನ ಹಾಗಿದ್ದೀಯ, ನನ್ನ ಮಗ ಅಲ್ಲ’ ಅನ್ನುತ್ತಾರೆ.

ಡಾಕ್ಟರ್: ಅದು ಬೇರೆ. ಕಾಪ್‌ಗ್ರಾ ಭ್ರಮೆ ಇರಬಹುದು, ಅಂದರೆ ಮನೆಯವರ ಜಾಗದಲ್ಲಿ ಅದೇ ರೂಪದ ಬೇರೆ ಯಾರೋ ಇದ್ದಾರೆ ಅನ್ನುವ ನಂಬಿಕೆ; 1923ರಲ್ಲೇ ಫ್ರೆಂಚ್ ವೈದ್ಯರು ದಾಖಲಿಸಿದ್ದಾರೆ. ವಾದ ಮಾಡಬೇಡಿ. ತೋರಿಸಿ. ದಿಢೀರ್ ಶುರುವಾಗಿದ್ದರೆ ಇವತ್ತೇ.

ಬೆಣ್ಣೆದೋಸೆ: ಲಿಂಕನ್‌ಗೂ ಕನ್ನಡಿಯಲ್ಲಿ ಎರಡು ಮುಖ ಕಂಡಿತ್ತಂತೆ. ಸತ್ತನಲ್ಲ ಸರ್?

ಡಾಕ್ಟರ್: ಕಂಡದ್ದು 1860ರಲ್ಲಿ, ಗುಂಡು ಬಿದ್ದದ್ದು 1865ರಲ್ಲಿ. ಎರಡನೇ ಸಲ ಗೆದ್ದರೂ ಅವಧಿ ಮುಗಿಸುವುದಿಲ್ಲ ಅಂತ ಅರ್ಥ ಹೇಳಿದ್ದು ಹೆಂಡತಿ. ಹಳೇ ದಪ್ಪ ಗಾಜಿನಲ್ಲಿ ಎರಡು ಬಿಂಬ ಮೂಡುವುದುಂಟು. ಇನ್ನು ‘ಸಾವು’ ಅಂತ ಕೇಳಿದರೆ ಉತ್ತರ ಇಲ್ಲ.

ಮಲೆನಾಡ ಹಕ್ಕಿ: ನಾಯಿ ವಿಷಯ ಹೇಳಲೇ ಇಲ್ಲ.

ಹಾಸನದವಳು: ಡಾಕ್ಟ್ರೇ, ನಾಳೆ 11ಕ್ಕೆ ತೋರಿಸುತ್ತಿದ್ದೇವೆ. ಅವನು ಕೆಳಗೆ ಬರಲು ಒಪ್ಪಲಿಲ್ಲ, ನಾನೂ ಅಮ್ಮನೂ ಅಲ್ಲೇ ಮಲಗುತ್ತೇವೆ. ಟೆರೇಸಿಗೆ ಬೀಗ ಹಾಕಿದೆ. ಕಬ್ಬಿಣ ಹತ್ತಿರ ಇರಲಿ ಅಂತ ಅಮ್ಮ ಬೀಗದ ಕೈ ಅವನ ದಿಂಬಿನ ಕೆಳಗೆ ಇಟ್ಟಿದ್ದಾರೆ.

ಡಾಕ್ಟರ್: ತೆಗೆ. ಈಗಲೇ. ತೆಗೆದು ಇಲ್ಲಿ ಹೇಳು.