ರೋಮ್‌ನಲ್ಲಿ ನಾಲ್ಕು ದಿನ: ಯಾವ ಸಂತೆ ಯಾವತ್ತು, ಸಸ್ಯಾಹಾರಿಗಳಿಗೆ ಏನು ಸಿಗುತ್ತೆ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನನ್ನು ರೋಮ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆಯಿಂದ ಸೋಮವಾರ ರಾತ್ರಿವರೆಗೆ ಅಲ್ಲಿರುತ್ತೇವೆ. ಕೊಲೋಸಿಯಂ, ವ್ಯಾಟಿಕನ್ ಜೊತೆ ಅಲ್ಲಿನ ಸಂತೆಗಳನ್ನೂ ನೋಡುವ ಆಸೆ. ಅಮ್ಮನಿಗೆ ಮಂಡಿನೋವು. ಮೂವರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ದಿನಗಳನ್ನು ಹೇಗೆ ಹೊಂದಿಸಿಕೊಳ್ಳಲಿ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ಮೊದಲು ಸಂತೆಯ ದಿನ ಗುರುತು ಹಾಕಿಕೊಳ್ಳಿ, ಸ್ಮಾರಕಗಳನ್ನು ಅದರ ಸುತ್ತ ಕೂರಿಸಿ. ಇದನ್ನು ತಿರುಗುಮುರುಗು ಮಾಡಿದರೆ ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಕಾಗುತ್ತದೆ. ತರಕಾರಿ ಮಾರುಕಟ್ಟೆಗಳು ಸೋಮವಾರದಿಂದ ಶನಿವಾರದವರೆಗೆ, ಅದೂ ಮಧ್ಯಾಹ್ನದವರೆಗೆ ಮಾತ್ರ. ಪೋರ್ತಾ ಪೋರ್ತೆಸೆಯ ಹಳೇ ಸಾಮಾನಿನ ಸಂತೆ ಭಾನುವಾರ ಮಾತ್ರ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಉಚಿತ ಪ್ರವೇಶ ಇದ್ದರೂ ವಯಸ್ಸಾದವರನ್ನು ಆ ನೂಕುನುಗ್ಗಲಿಗೆ ಕರೆದೊಯ್ಯಬೇಡಿ.

ನಿಮಗೆ ಹೀಗೆ ಹೊಂದುತ್ತದೆ. ಶುಕ್ರವಾರ ವ್ಯಾಟಿಕನ್. ಶನಿವಾರ ಬೆಳಿಗ್ಗೆ ಕಾಂಪೋ ದೆ ಫಿಯೋರಿ ಮಾರುಕಟ್ಟೆ, ಅಲ್ಲಿಂದ ನಡೆದುಕೊಂಡೇ ನವೋನಾ ಚೌಕ, ಪ್ಯಾಂಥಿಯಾನ್ ಎಂಬ ಪುರಾತನ ಗುಮ್ಮಟದ ದೇಗುಲ. ಭಾನುವಾರ ಪೋರ್ತಾ ಪೋರ್ತೆಸೆ, ಮಧ್ಯಾಹ್ನ ಪಕ್ಕದ ತ್ರಾಸ್ತೆವೆರೆ ಬಡಾವಣೆ. ಸೋಮವಾರ ಬೆಳಿಗ್ಗೆ ಎಸ್ಕ್ವಿಲಿನೋ ಮಾರುಕಟ್ಟೆ, ಆಮೇಲೆ ತೆರ್ಮಿನಿ ನಿಲ್ದಾಣದಿಂದ ಮೆಟ್ರೋ ಬಿ ಮಾರ್ಗದಲ್ಲಿ ಎರಡೇ ಸ್ಟಾಪ್, ಕೊಲೋಸಿಯಂ.

ಕೊಲೋಸಿಯಂ ಟಿಕೆಟ್ 18 ಯೂರೋ. ಅಧಿಕೃತ ಜಾಲತಾಣದಲ್ಲಿ 30 ದಿನ ಮುಂಚೆ ಬಿಡುಗಡೆಯಾಗುತ್ತದೆ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹಾಕಿ, ಗೇಟಿನಲ್ಲಿ ತಾಳೆ ನೋಡುತ್ತಾರೆ. ಹಿರಿಯ ನಾಗರಿಕರು ಅಂತ ರಿಯಾಯಿತಿ ಇಲ್ಲ. ಹೊತ್ತು ನಿಗದಿಯಾಗಿರುವುದು ಕೊಲೋಸಿಯಂ ಒಳಗೆ ಹೋಗಲು ಮಾತ್ರ. ಪಕ್ಕದ ಫೋರಂ (ಹಳೇ ರೋಮ್‌ನ ಮುಖ್ಯ ಚೌಕದ ಅವಶೇಷ), ಪ್ಯಾಲಟೈನ್ ಗುಡ್ಡ ಅದೇ ಟಿಕೆಟ್‌ನಲ್ಲಿ ಸೇರಿವೆ, ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ದೊಡ್ಡ ಬೆನ್ನುಚೀಲ ತರಬೇಡಿ.

ಉತ್ತರ 2

ಸಂತೆ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪೋರ್ತಾ ಪೋರ್ತೆಸೆ ಬೆಳಿಗ್ಗೆ 7ಕ್ಕೆಲ್ಲ ಶುರು, 1 ಗಂಟೆಗೆ ಗಂಟುಮೂಟೆ ಕಟ್ಟತೊಡಗುತ್ತಾರೆ, 2ಕ್ಕೆ ಖಾಲಿ. ಸಂತೆಗೆ ಹೆಸರು ಕೊಟ್ಟ ಹಳೇ ಕೋಟೆ ಬಾಗಿಲಿನ ಕಡೆಯಿಂದ ಹೊಕ್ಕರೆ ಅಗ್ಗದ ಬಟ್ಟೆ, ಚಾರ್ಜರ್, ಪ್ಲಾಸ್ಟಿಕ್ ಸಾಮಾನು ನೋಡುವುದರಲ್ಲೇ ಕಾಲು ಸೋಲುತ್ತದೆ. ಅಮ್ಮನ ಮಂಡಿಗೋಸ್ಕರ ಪಿಯಾತ್ಸಾ ವೆನೇತ್ಸಿಯಾ ಚೌಕದಿಂದ 8ನೇ ನಂಬರ್ ಟ್ರಾಮ್ ಹತ್ತಿ ಇಪ್ಪೋಲಿತೋ ನಿಯೇವೋ ಸ್ಟಾಪ್‌ನಲ್ಲಿ ಇಳಿಯಿರಿ. ಹಳೇ ಪುಸ್ತಕ, ಹಿತ್ತಾಳೆ ಹಿಡಿಕೆ, ಪಿಂಗಾಣಿ, ನಾಣ್ಯ, ಅಂಚೆ ಕಾರ್ಡ್ ಸಿಗುವುದು ಆ ತುದಿಯಲ್ಲೇ. 8.30ರೊಳಗೆ ಅಲ್ಲಿದ್ದರೆ ನಿಂತು ನೋಡಲು ಜಾಗ ಇರುತ್ತದೆ. ಇಲ್ಲಿ ಚೌಕಾಸಿ ನಡೆಯುತ್ತದೆ. 5, 10 ಯೂರೋ ನೋಟುಗಳನ್ನು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಿ. 50ರ ನೋಟು ತೋರಿಸಿದ ಮೇಲೆ ಬೆಲೆ ಇಳಿಯುವುದಿಲ್ಲ.

ಕಾಂಪೋ ದೆ ಫಿಯೋರಿ ಈಗ ಬಹುಪಾಲು ಪ್ರವಾಸಿಗರ ಮಾರುಕಟ್ಟೆ. ಬಣ್ಣಬಣ್ಣದ ಪಾಸ್ತಾ, ‘ಸ್ಪಗೆಟ್ಟಿ ಮಸಾಲೆ’ ಪೊಟ್ಟಣ ಕಣ್ಣಿಗೆ ಚೆಂದ. ಪೊಟ್ಟಣ ಬಿಚ್ಚಿ ನೋಡಿದರೆ ಒಣಮೆಣಸಿನ ಚೂರು, ಒಣ ಬೆಳ್ಳುಳ್ಳಿ, ಒಣಗಿದ ಪಾರ್ಸ್ಲಿ, ಅಷ್ಟೇ. ಸೂಪರ್‌ಮಾರ್ಕೆಟ್‌ನಲ್ಲಿ ಇದೆಲ್ಲ ಇನ್ನೂ ಅಗ್ಗ. ಆದರೆ ಚೌಕದ ನಡುವಿನ ತತ್ವಜ್ಞಾನಿ ಜೋರ್ದಾನೋ ಬ್ರೂನೋ ಪ್ರತಿಮೆಯ ಮುಂದೆ ಒಂದು ನಿಮಿಷ ನಿಲ್ಲಿ. 1600ರಲ್ಲಿ ಆತನನ್ನು ಜೀವಂತ ಸುಟ್ಟಿದ್ದು ಇದೇ ಚೌಕದಲ್ಲಿ. ಪ್ರತಿಮೆ ನಿಂತದ್ದು 1889ರಲ್ಲಿ.

ಹಣ್ಣು ತರಕಾರಿಯನ್ನು ಕೈಯಿಂದ ಮುಟ್ಟಿ ಆರಿಸಬೇಡಿ, ಬೈಸಿಕೊಳ್ಳುತ್ತೀರಿ. ಬೆರಳು ತೋರಿಸಿ, ಅವರೇ ಎತ್ತಿ ತೂಗುತ್ತಾರೆ. ‘ಉನ್ ಏತ್ತೋ’ ಅಂದರೆ 100 ಗ್ರಾಂ, ‘ಮೆದ್ಜೋ ಕೀಲೋ’ ಅಂದರೆ ಅರ್ಧ ಕಿಲೋ. ಫಲಕದ ಬೆಲೆ ಏತ್ತೋಗೋ ಕಿಲೋಗೋ ಅಂತ ಮೊದಲೇ ನೋಡಿಕೊಳ್ಳಿ, ಜಗಳ ಆಗುವುದೇ ಅಲ್ಲಿ.

ರಸ್ತೆಬದಿ ಬಟ್ಟೆ ಹಾಸಿ ದೊಡ್ಡ ಬ್ರ್ಯಾಂಡ್‌ನ ನಕಲಿ ಬ್ಯಾಗ್ ಮಾರುವವರ ಹತ್ತಿರ ಏನೂ ಕೊಳ್ಳಬೇಡಿ. ಇಟಲಿಯಲ್ಲಿ ಕೊಂಡವರಿಗೂ ದಂಡ ಇದೆ, 7,000 ಯೂರೋವರೆಗೆ.

ಉತ್ತರ 3

ಊಟದ ವಿಷಯ. ಮೊಟ್ಟೆ ತಿನ್ನದವರು ಒಣ ಪಾಸ್ತಾ ಕೇಳಬೇಕು. ಸ್ಪಗೆಟ್ಟಿ, ಪೆನ್ನೆ, ರಿಗತೋನಿ ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರಿನವು. ಫೆಟ್ಟುಚಿನೆ, ರವಿಯೋಲಿಯಂಥ ತಾಜಾ ಪಾಸ್ತಾಗೆ ಮೊಟ್ಟೆ ಹಾಕಿಯೇ ಹಿಟ್ಟು ಕಲಸುತ್ತಾರೆ. ‘ಸ್ಪಗೆಟ್ಟಿ ಅಲ್ ಪೊಮೊದೋರೋ’ (ಟೊಮೆಟೊ), ‘ಪೆನ್ನೆ ಅಲ್ಲಾರಬ್ಬಿಯಾತಾ’ (ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸು) ನಮ್ಮ ನಾಲಿಗೆಗೂ ಒಗ್ಗುತ್ತವೆ. ಪೆಕೋರಿನೋ ರೊಮಾನೋ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ಕಿಣ್ವದಿಂದ, ಪಾರ್ಮೆಸಾನ್‌ಗೆ ಕರುವಿನದು. ಬೇಡವೆಂದರೆ ‘ಸೆಂತ್ಸಾ ಫೊರ್ಮಾಜ್ಜೋ’ (ಚೀಸ್ ಬೇಡ) ಅನ್ನಿ.

ತರಕಾರಿಯಂತೆ ಕಾಣುವ ಮೂರು ತಿಂಡಿ ಹುಷಾರು. ಕರಿದ ಕುಂಬಳ ಹೂವಿನೊಳಗೆ ಸಣ್ಣ ಮೀನು ಇರುತ್ತದೆ, ಪುಂತಾರೆಲ್ಲೆ ಸೊಪ್ಪಿನ ಸಲಾಡ್‌ಗೂ ಅದನ್ನೇ ಅರೆದು ಹಾಕುತ್ತಾರೆ, ಸುಪ್ಲೀ ಎಂಬ ಅನ್ನದ ಉಂಡೆಯಲ್ಲಿ ಮಾಂಸದ ಸಾಸ್ ಸಾಮಾನ್ಯ. ನಿಶ್ಚಿಂತೆಯ ಆಯ್ಕೆ ಎಂದರೆ ತೂಕಕ್ಕೆ ಕತ್ತರಿಸಿ ಕೊಡುವ ‘ಪಿಜ್ಜಾ ರೊಸ್ಸಾ’: ಟೊಮೆಟೊ, ಎಣ್ಣೆ ಮಾತ್ರ, ಚೀಸ್ ಇಲ್ಲ. ಐಸ್‌ಕ್ರೀಂ ಆದರೆ ಹಣ್ಣಿನ ‘ಸೊರ್ಬೆತ್ತೋ’.

ಎಸ್ಕ್ವಿಲಿನೋ ಮಾರುಕಟ್ಟೆಯಲ್ಲಿ ಬಾಂಗ್ಲಾದೇಶದವರ ಅಂಗಡಿಗಳು ಬಹಳ. ಬೆಂಡೆಕಾಯಿ, ಹಸಿಮೆಣಸು, ಕೊತ್ತಂಬರಿ, ಬೇಳೆ ಎಲ್ಲ ಸಿಗುತ್ತೆ. ಅಡುಗೆಮನೆ ಇರುವ ಕೋಣೆ ಹಿಡಿದಿದ್ದರೆ ಬಚಾವ್. ಮೀನು, ಮಾಂಸವೂ ಅಲ್ಲೇ ಮಾರುತ್ತಾರೆ, ಆ ವಾಸನೆಗೆ ಅಪ್ಪ ಅಮ್ಮನನ್ನು ಮೊದಲೇ ತಯಾರು ಮಾಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಯೋಗವಾಯಿತು. ಅಮ್ಮ ಎಷ್ಟು ನಡೆಯಬೇಕಾಗುತ್ತದೆ? ಜೇಬುಗಳ್ಳರ ಕಾಟ ನಿಜವೇ?

ಉತ್ತರ 4

ಕಾಟ ನಿಜ. ತೆರ್ಮಿನಿಯಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ಬಸ್ಸು, ಮೆಟ್ರೋ ಎ ಮಾರ್ಗ, ಪೋರ್ತಾ ಪೋರ್ತೆಸೆ ಇವರ ಅಡ್ಡೆಗಳು. ಪಾಸ್‌ಪೋರ್ಟ್ ಅಂಗಿಯೊಳಗೆ, ಮೊಬೈಲ್ ಮುಂದಿನ ಜೇಬಿನಲ್ಲಿರಲಿ. ಮೆಟ್ರೋ ಬಾಗಿಲ ಪಕ್ಕ ನಿಲ್ಲಬೇಡಿ, ಬಾಗಿಲು ಮುಚ್ಚುವ ಹೊತ್ತಿಗೆ ಕಸಿದು ಇಳಿದುಬಿಡುತ್ತಾರೆ. ಕೊಲೋಸಿಯಂ ಮುಂದೆ ‘ಉಚಿತ’ ಅಂತ ಕೈಗೆ ದಾರ ಕಟ್ಟಲು ಬಂದರೆ ಕೈ ಹಿಂದೆ ಕಟ್ಟಿಕೊಂಡು ಮುಂದೆ ನಡೆಯಿರಿ.

ನಡಿಗೆಗಿಂತ ತೊಂದರೆ ಕೊಡುವುದು ರಸ್ತೆಗೆ ಹಾಸಿದ ಕಪ್ಪು ಚೌಕ ಕಲ್ಲು. ಸಂದುಗಳು ಏರುತಗ್ಗು, ಮಳೆ ಬಂದರೆ ಜಾರುತ್ತವೆ. ದಪ್ಪ ರಬ್ಬರ್ ಅಡಿಯ ಬೂಟು ಬೇಕೇ ಬೇಕು. ಪ್ಯಾಂಥಿಯಾನ್‌ಗೆ ಮೆಟ್ಟಿಲು ಹತ್ತುವ ಕೆಲಸವಿಲ್ಲ, ಆದರೆ 2023ರಿಂದ ಟಿಕೆಟ್ ಇದೆ, ಶನಿವಾರಕ್ಕೆ ಮೊದಲೇ ತೆಗೆದಿಡಿ. ಕೊಲೋಸಿಯಂನ ಮೇಲಂತಸ್ತಿನ ಮೆಟ್ಟಿಲು ತೀರಾ ಕಡಿದಾಗಿವೆ, ಸಿಬ್ಬಂದಿಗೆ ಮಂಡಿ ತೋರಿಸಿ ಲಿಫ್ಟ್ ಕೇಳಿ. ಸ್ಪ್ಯಾನಿಷ್ ಸ್ಟೆಪ್ಸ್ ಎಂಬ ಪ್ರಸಿದ್ಧ ಮೆಟ್ಟಿಲುಸಾಲಿನ ಮೇಲೆ ಕೂರುವಂತಿಲ್ಲ, 2019ರಿಂದ ದಂಡ ಹಾಕುತ್ತಾರೆ. ಸೇಂಟ್ ಪೀಟರ್ಸ್ ಚರ್ಚ್‌ಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ, ಸೀರೆಗೆ ಒಂದು ಶಾಲು ಜೊತೆಗಿರಲಿ.

ಬಸ್, ಟ್ರಾಮ್, ಮೆಟ್ರೋಗೆ 1.50 ಯೂರೋ ಟಿಕೆಟ್ 100 ನಿಮಿಷ ನಡೆಯುತ್ತದೆ, ಮೆಟ್ರೋ ಪ್ರಯಾಣ ಒಂದೇ ಸಲ. ಬ್ಯಾಂಕ್ ಕಾರ್ಡ್ ತಾಗಿಸಿದರೂ ಆಗುತ್ತದೆ, ಆದರೆ ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು. ಕಾಗದದ ಟಿಕೆಟ್ ಆದರೆ ಬಸ್ ಹತ್ತಿದ ಕೂಡಲೇ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿ. ಮುದ್ರೆಯಿಲ್ಲದ್ದು ಟಿಕೆಟ್ ಇಲ್ಲದ್ದಕ್ಕೆ ಸಮ.

ನೀರಿಗೆ ದುಡ್ಡು ಕೊಡಬೇಡಿ. ಬೀದಿಬೀದಿಯಲ್ಲಿ ಸದಾ ಹರಿಯುವ ಕಬ್ಬಿಣದ ನಲ್ಲಿಗಳಿವೆ, ಕುಡಿಯುವ ನೀರೇ. ಬಾಗಿದ ಕೊಳವೆಯ ಬಾಯಿಯನ್ನು ಬೆರಳಿಂದ ಒತ್ತಿ ಹಿಡಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆಯೇ ಕುಡಿಯಬಹುದು. ಮಂಡಿನೋವಿನವರಿಗೆ ಇದು ಅನುಕೂಲ.