ಗೀತೆಯ ಹತ್ತನೇ ಅಧ್ಯಾಯ: ಮಾಸ್ತರನ್ನು ಕೇಳಿ

ಮಾಸ್ತರು (ಸಂಸ್ಕೃತ ಪಾಠ, ಶಿರಸಿ): ಈ ವಾರ ವಿಭೂತಿ ಯೋಗ. ಲೋಕದಲ್ಲಿ ತನ್ನ ಹಿರಿಮೆ ಎಲ್ಲೆಲ್ಲಿ ಕಾಣುತ್ತದೆ ಅಂತ ಕೃಷ್ಣ ಹೇಳುವ ಭಾಗ. ಕೇಳಿ.

ಹೊನ್ನಾವರದವರು: ವಿಭೂತಿ ಅಂದ್ರೆ ಹಣೆಗೆ ಹಚ್ಚುವ ಭಸ್ಮ ಅಲ್ವಾ?

ಮಾಸ್ತರು: ಇಲ್ಲಿ ಅಲ್ಲ. ಹಿರಿಮೆ, ವೈಭವ ಅಂತ ಅರ್ಥ.

ಕಾರವಾರದವರು: ಮೀನುಗಳಲ್ಲಿ ಮಕರ ನಾನು ಅಂತಿದೆ. ಮಕರ ಮೊಸಳೆಯಾ, ಶಾರ್ಕಾ? ನಮ್ಮದು ಮೀನುಗಾರರ ಮನೆ, ಅದಕ್ಕೇ ಕೇಳಿದೆ.

ಕುಮಟಾದವರು: ಮಾಸ್ತರೇ, ನನ್ನ ತಮ್ಮ ಇಸ್ಪೀಟಿಗೆ ಬಿದ್ದಿದ್ದಾನೆ. ಅಡಿಕೆ ಮಾರಿದ ದುಡ್ಡು ಹೋಯಿತು, ಅಮ್ಮನ ಎರಡು ಬಳೆ ಅಡವಿಗೆ ಹೋದವು. ಕೇಳಿದ್ರೆ 36ನೇ ಶ್ಲೋಕ ಹೇಳುತ್ತಾನೆ. 'ದ್ಯೂತಂ ಛಲಯತಾಮಸ್ಮಿ', ಜೂಜೂ ದೇವರೇ ಅಂತ. ಏನು ಹೇಳಲಿ?

ಮಾಸ್ತರು: ತಂಗೀ, ಓದಿ ಚಿಂತೆ ಆಯಿತು. ಮೊದಲು 17ನೇ ಶ್ಲೋಕ ತೆಗೆಯಿರಿ. 'ನಿನ್ನನ್ನು ಯಾವ ಯಾವುದರಲ್ಲಿ ನೆನೆಯಲಿ?' ಅಂತ ಅರ್ಜುನ ಕೇಳುತ್ತಾನೆ. ಮುಂದಿನ ಪಟ್ಟಿ ಅದಕ್ಕೆ ಉತ್ತರ. ಎಲ್ಲಿ ಕಾಣಬೇಕು ಅಂತ ಹೇಳಿದ್ದು, ಏನು ಮಾಡಬೇಕು ಅಂತಲ್ಲ. 34ರಲ್ಲಿ ಸಾವೂ ನಾನೇ ಅಂತಿದೆ. ಹಾಗಂತ ಕಾಯಿಲೆ ಬಿದ್ದವರಿಗೆ ಮದ್ದು ಕೊಡದೆ ಕೂರುತ್ತೇವಾ?

ಕೇಳುತ್ತಿರುವವನು ಯಾರು ನೋಡಿ. ಪಗಡೆಯಲ್ಲಿ ಅಣ್ಣ ಸೋತಿದ್ದಕ್ಕೆ 12 ವರ್ಷ ಕಾಡು, 1 ವರ್ಷ ಅಜ್ಞಾತವಾಸ ಕಳೆದವನು. ಅವನೆದುರು ಯಾರಾದರೂ ಜೂಜನ್ನು ಹೊಗಳುತ್ತಾರಾ? ಮೋಸಗಾರನ ಕೈಯ ದಾಳಕ್ಕೆ ಮನೆ ಮುಳುಗಿಸುವ ಬಲ ಇದೆ. ಆ ಬಲವೂ ದೇವರಿಂದ ಹೊರಗಿಲ್ಲ, ಅಷ್ಟೇ. 24ರಲ್ಲಿ ಸಮುದ್ರವೂ ಇದೆ. ಕೈ ಮುಗಿಯುತ್ತೇವೆ, ಆದರೆ ಮಳೆಗಾಲದ ಅಬ್ಬರದಲ್ಲಿ ದೋಣಿ ಇಳಿಸುವುದಿಲ್ಲ.

ಅದೇ 36ರ ಎರಡನೇ ಸಾಲನ್ನು ತಮ್ಮ ನುಂಗಿದ್ದಾನೆ. 'ವ್ಯವಸಾಯೋಽಸ್ಮಿ'. ಇದು ಕನ್ನಡದ ಬೇಸಾಯ ಅಲ್ಲ, ಗಟ್ಟಿ ನಿರ್ಧಾರ. ಬಿಡುತ್ತೇನೆ ಅನ್ನುವ ನಿರ್ಧಾರವೂ ದೇವರೇ ಅಂತ ಹೇಳಿ. ಕಪಾಟಿನ ಕೀಲಿ ಮಾತ್ರ ನಿಮ್ಮ ಹತ್ತಿರ ಇರಲಿ.

ಯಲ್ಲಾಪುರದವರು: ಫಾರ್ವರ್ಡ್ ಬಂದಿದೆ. ಮರಗಳಲ್ಲಿ ಅಶ್ವತ್ಥ ದೇವರು, ಆದ್ದರಿಂದ 48 ದಿನ ಅರಳಿ ಎಲೆ ಕಷಾಯ ಕುಡಿದು ಈ ಅಧ್ಯಾಯ ಓದಿದ್ರೆ ಶುಗರ್ ಮಾತ್ರೆ ಬೇಡವಂತೆ.

ಮಾಸ್ತರು: ಮಾತ್ರೆ ಬಿಡಬೇಡಿ. 42 ಶ್ಲೋಕದಲ್ಲಿ ಒಂದರಲ್ಲೂ ಕಷಾಯ ಇಲ್ಲ. ಇದನ್ನು ಮುಂದೆ ಕಳಿಸಲೂಬೇಡಿ.

ಗೋಕರ್ಣದವರು: 31ರಲ್ಲಿ 'ರಾಮಃ ಶಸ್ತ್ರಭೃತಾಮಹಂ', ಆಯುಧ ಹಿಡಿದವರಲ್ಲಿ ರಾಮ ನಾನು ಅಂತ. ಅದು ಪರಶುರಾಮ. ಈ ಕರಾವಳಿಯೇ ಅವನು ಬಿಡಿಸಿಕೊಟ್ಟ ನೆಲ.

ಸಿದ್ದಾಪುರದವರು: ದಶರಥನ ಮಗ. ಶಂಕರಭಾಷ್ಯದಲ್ಲಿ 'ದಾಶರಥಿ' ಅಂತ ಸ್ಪಷ್ಟವಾಗಿ ಇದೆ.

ಗೋಕರ್ಣದವರು: ಕೊಡಲಿ ಹಿಡಿದವನು ಶಸ್ತ್ರಧಾರಿ ಅಲ್ಲವಾ?

ಸಿದ್ದಾಪುರದವರು: ಬಿಲ್ಲು ಹಿಡಿದವನು? ಸುಮ್ನೆ ಊರಿನ ಅಭಿಮಾನ ಗೀತೆಗೆ ತುರುಕಬೇಡಿ.

ಗೋಕರ್ಣದವರು: ಘಟ್ಟದ ಮೇಲಿನವರಿಗೆ ಮಾತು ಜಾಸ್ತಿ.

ಯಲ್ಲಾಪುರದವರು: ಅರಳಿ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಅಂತಲೂ ಬಂದಿದೆ. ಅದಕ್ಕೇ ದೇವರಾ?

ಮಾಸ್ತರು: ಮರದ ಮುಂದೆ ನಿಲ್ಲೋಕೆ ಫಾರ್ವರ್ಡ್ ಬೇಕಾ? ಗಾಳಿಯೇ ಇಲ್ಲದಾಗಲೂ ಅದರ ಒಂದು ಎಲೆ ಅಲ್ಲಾಡುತ್ತಿರುತ್ತದೆ. ಹೋಗಿ ನೋಡಿ. ರಾಮನ ಜಗಳ ಇಲ್ಲಿಗೆ ಸಾಕು.

ಅಂಕೋಲಾದವರು: ವಿಭೂತಿ ಅಂದ್ರೆ ಭಸ್ಮ ತಾನೇ?

ಮಾಸ್ತರು: ಮೇಲೆ ಓದಿ.

ಕುಮಟಾದವರು: 36 ಪೂರ್ತಿ ಓದಿ ಹೇಳಿದೆ. ತಮ್ಮ ಎದ್ದು ಹೋಗಲಿಲ್ಲ, ಕೂತು ಕೇಳಿದ. ಭಾನುವಾರ ಕರ್ಕೊಂಡು ಬರಲಾ?

ಮಾಸ್ತರು: ಬನ್ನಿ. ಏಳು ಗಂಟೆಗೆ ತೋಟಕ್ಕೆ ಇಳಿಯುತ್ತೇನೆ, ಅವನೂ ಜೊತೆಗೆ ಬರಲಿ.